ನೆಲೆಯಿಲ್ಲದ ಕೊಳ್ಳಿದೆವ್ವ

ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಭಯ ಹುಟ್ಟಿಸುವ ಶಕ್ತಿಗಳಿಗೆಲ್ಲ ಸಾಮಾನ್ಯವಾಗಿ ಒಂದು ನೆಲೆ ಇರುತ್ತದೆ. ಚೌಡಿಗೆ ಮರದ ಬುಡದಲ್ಲೊಂದು ಕಲ್ಲು, ಭೂತಪ್ಪನಿಗೆ ತೋಟದ ಅಂಚಿನಲ್ಲೊಂದು ಕಟ್ಟೆ. ಉತ್ತರ ಕನ್ನಡದ ಹಲವು ಊರುಗಳಲ್ಲಿ ದೀಪಾವಳಿಯ ಹೊತ್ತಿಗೆ, ದನಕರುಗಳನ್ನು ಕಾಯಲೆಂದು, ಹುಲಿಯಪ್ಪನಿಗೂ ಪೂಜೆ ಸಲ್ಲುತ್ತದೆ. ಹರಕೆ ಹೊತ್ತು ತಪ್ಪುಕಾಣಿಕೆ ಇಟ್ಟರೆ ಅವುಗಳ ಮುನಿಸು ಇಳಿಯುತ್ತದೆಂಬ ಧೈರ್ಯ ಜನರಿಗಿದೆ. ಚೌಡಿಯ ಬನದಲ್ಲಿ ಕತ್ತಿ ಆಡಿಸಲು ಇಂದಿಗೂ ಹಿಂಜರಿಯುವವರಿದ್ದಾರೆ.

ಕೊಳ್ಳಿದೆವ್ವಕ್ಕೆ ಮಾತ್ರ ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ. ಕತ್ತಲಲ್ಲಿ ಎದುರು ಗುಡ್ಡದ ಮೇಲೋ ಜೌಗು ಗದ್ದೆಯ ಆಚೆಗೋ ಕೆಂಪಗೆ ಉರಿಯುವ ಕೊಳ್ಳಿಯೊಂದು ಕಾಣಿಸಿಕೊಂಡು, ತಟ್ಟನೆ ಆರಿ, ತುಸು ದೂರದಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂದೂ, ಯಾರದೋ ಸೂಡಿಯ, ಅಂದರೆ ಕೈಪಂಜಿನ, ಬೆಳಕೆಂದು ನಂಬಿ ಹಿಂಬಾಲಿಸಿದವನನ್ನು ಬೆಳಗಿನವರೆಗೆ ಕಾಡು ಸುತ್ತಿಸುತ್ತದೆ ಎಂದೂ ಹಿರಿಯರು ಹೇಳುತ್ತಾರೆ. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೇ ಓಗೊಡಬಾರದೆಂಬ ಎಚ್ಚರಿಕೆಯೂ ಇಂಥ ಕತೆಗಳ ಜೊತೆಗೇ ಬರುತ್ತದೆ.

ಇದನ್ನೆಲ್ಲ ಮಿಂಚುಹುಳು ಎಂದೋ ಜೌಗಿನ ಅನಿಲ ಎಂದೋ ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮಿಂಚುಹುಳುಗಳು ಮುಂಗಾರಿನ ಆಸುಪಾಸಿನಲ್ಲಿ ಮರಗಳ ತುಂಬ ಮಿನುಗುತ್ತವೆ. ಅವು ಒಂಟಿ ಕೊಳ್ಳಿಯಂತೆ ಕಾಣುವುದಿಲ್ಲ. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಬೆಳಗುವ ಶಿಲೀಂಧ್ರಗಳ ಬೆಳಕು ಹಸಿರು, ಅದು ಇದ್ದಲ್ಲಿಂದ ಕದಲುವುದೂ ಇಲ್ಲ. ನನಗೆ ಹೆಚ್ಚು ಸರಿಯೆನಿಸುವುದು ತೀರ ಸರಳವಾದ ವಿವರಣೆ: ಎದುರು ಗುಡ್ಡದ ಕಾಲುದಾರಿಯಲ್ಲಿ ನಿಜಕ್ಕೂ ಒಬ್ಬ ಮನುಷ್ಯ ಸೂಡಿ ಬೀಸುತ್ತ ನಡೆಯುತ್ತಿರುತ್ತಾನೆ, ಮರಗಳ ಮರೆಗೆ ಬಂದಾಗ ಬೆಳಕು ಆರಿದಂತೆಯೂ ತಿರುವಿನಾಚೆ ಮತ್ತೆ ಹೊತ್ತಿದಂತೆಯೂ ತೋರುತ್ತದೆ. ಅವನ ಕಣ್ಣಿಗೆ ಈಚೆಯವನ ಸೂಡಿಯೂ ಹಾಗೆಯೇ ಕಂಡಿರಬಹುದು.

ಎಲ್ಲ ಕತೆಗಳಿಗೂ ಈ ಉತ್ತರ ಸಾಲುತ್ತದೆಂದು ನಾನು ಹೇಳಲಾರೆ. ಆದ್ದರಿಂದಲೇ ಮನೆಯ ಹಿರಿಯರು ಕೊಳ್ಳಿದೆವ್ವದ ಮಾತೆತ್ತಿದಾಗ, ನಂಬಿಕೆಯ ಚರ್ಚೆಗೆ ಇಳಿಯುವ ಮೊದಲು, ಅದು ಯಾವ ತಿಂಗಳು, ಬೆಳಕಿನ ಬಣ್ಣ ಯಾವುದು, ಆಗ ಆ ಗುಡ್ಡದ ಮೇಲೆ ದಾರಿ ಇತ್ತೇ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇನೆ. ಸೂಡಿ ಹಿಡಿದು ಆ ದಾರಿಗಳಲ್ಲಿ ನಡೆದವರು ಈಗ ಕೆಲವರೇ ಉಳಿದಿದ್ದಾರೆ.