ಬ್ಯಾಗಲ್ಲಿ ಲಾವಾ ಕಲ್ಲು, ಕುಂತಿ ಬೆಟ್ಟದಲ್ಲಿ ಪಾಠ

ನಮ್ಮ ಚರ್ಚಿನ ಧರ್ಮೋಪದೇಶ ತರಗತಿಯ ಚಿಕ್ಕ ಮಕ್ಕಳಿಗೆ ಈ ಸಲ ಸೃಷ್ಟಿಯ ಪಾಠ. ಎಲ್ಲ ಆರೇಳು ವರ್ಷದವರು. ಚಿತ್ರಕ್ಕೆ ಬಣ್ಣ ಹಚ್ಚಿಸಿ ಮುಗಿಸೋ ಬದಲು ಕಲ್ಲನ್ನೇ ಕೈಗೆ ಕೊಟ್ಟುಬಿಡೋಣ ಅಂತ ಮೈಸೂರಿಂದ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೊರಟೆವು. ಜೊತೆಗೆ ಕೆಲವು ಅಮ್ಮಂದಿರು, ನಮ್ಮ ಫಾದರ್. ನನ್ನ ಬ್ಯಾಗಲ್ಲಿ ಕಲಬುರಗಿ ಕಡೆಯ ನೆಂಟರು ತಂದುಕೊಟ್ಟ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು), ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು, ಒಂದು ಭೂತಗನ್ನಡಿ.

ಶ್ರೀರಂಗಪಟ್ಟಣದವರೆಗೆ ಹಾಡು, ಅಲ್ಲಿಂದ ಮುಂದೆ ಜಗಳ. ಪಾಂಡವಪುರಕ್ಕೆ ಸ್ವಲ್ಪ ಮುಂಚೆ ರಸ್ತೆ ಪಕ್ಕದಲ್ಲಿ ಹೊಗೆ ಕಾಣಿಸಿತು, ಆಲೆಮನೆ. ಇಳಿದೆವು. ಪಾಠ ಶುರುವಾಗಿದ್ದು ನಿಜಕ್ಕೂ ಅಲ್ಲೇ. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿತ್ತು, ಗುಳ್ಳೆ ಎದ್ದು ಎದ್ದು ಒಡೆಯುತ್ತಿತ್ತು. ಆಲೆಮನೆಯವರು ಸೌಟಲ್ಲಿ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಟ್ಟರು. ಚುರ್ ಅಂತ ಗಟ್ಟಿಯಾಯಿತು, ಗಾಜಿನ ಹಾಗೆ ಹೊಳೆಯಿತು. ಲಾವಾ ಥಟ್ಟನೆ ಆರಿದರೂ ಹೀಗೇ, ಒಬ್ಸಿಡಿಯನ್ ಅನ್ನೋ ಕಪ್ಪು ಗಾಜುಗಲ್ಲು ಆಗುತ್ತೆ ಅಂದೆ. ಅದೇ ಸಿಹಿ ನಿಧಾನವಾಗಿ ಹರಳುಗಟ್ಟಿದರೆ ಕಲ್ಲುಸಕ್ಕರೆ ತರಹ ದೊಡ್ಡ ದೊಡ್ಡ ಹರಳು. ಪಾಕದ ಬಿಸಿ ಹೆಚ್ಚೂಕಡಿಮೆ 120 ಡಿಗ್ರಿ, ಬಸಾಲ್ಟ್ ಲಾವಾದ್ದು 1100ರಿಂದ 1200 ಡಿಗ್ರಿ ಅಂದಾಗ ಒಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲರ ಕೈಗೂ ಬಿಸಿ ಬೆಲ್ಲ ಬಂತು, ಆಮೇಲೆ ಟಿಟಿ ಸೀಟೆಲ್ಲ ಅಂಟು ಅಂಟು.

ಕುಂತಿ ಬೆಟ್ಟದ ಬಂಡೆ ನೋಡಿದ ಕೂಡಲೇ "ಮಿಸ್, ಇದು ಅಗ್ನಿಪರ್ವತನಾ?" ಅಂತ ಕೇಳಿದರು. ಅಲ್ಲ. ಇದು ಗ್ರಾನೈಟ್ ಜಾತಿಯ ಕಲ್ಲು, ನೆಲದಾಳದಲ್ಲಿ ಬಹಳ ನಿಧಾನವಾಗಿ ಆರಿದ್ದು, ಮೇಲಿನ ಮಣ್ಣು ಕಲ್ಲು ಸವೆದು ಹೋದ ಮೇಲೆ ಹೊರಗೆ ಕಂಡಿದ್ದು. ಭೂತಗನ್ನಡಿ ಇಟ್ಟು ನೋಡಿದರೆ ಬಿಳಿ, ತಿಳಿ ಗುಲಾಬಿ, ನಡುವೆ ಮಿಂಚುವ ಕಪ್ಪು ಅಭ್ರಕ ಬೇರೆ ಬೇರೆಯಾಗಿ ಕಾಣುತ್ತೆ. ಪಕ್ಕದಲ್ಲಿ ನನ್ನ ಬಸಾಲ್ಟ್ ಇಟ್ಟೆ. ಬರೀ ಕಪ್ಪು, ಹರಳೇ ಕಾಣಲ್ಲ. ಯಾವುದು ಬೇಗ ಆರಿದ್ದು ಅಂತ ನಾನು ಕೇಳೋಕೆ ಮುಂಚೆಯೇ ಉತ್ತರ ಬಂತು.

ಆ ಬಸಾಲ್ಟಿನ ಕಥೆ ಹೇಳಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಪದರ ಪದರವಾಗಿ ಹರಡಿದ್ದು, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಆ ಕಲ್ಲು ಸವೆದು ಆಗಿದ್ದು. ನಾವು ತಿನ್ನೋ ಜೋಳದ ರೊಟ್ಟಿಗೂ ಆ ಬೆಂಕಿಗೂ ನಂಟಿದೆ. ಅಗ್ನಿಪರ್ವತ ಅಂದ ತಕ್ಷಣ ನರಕದ ಬೆಂಕಿ ಹೇಳಿ ಮಕ್ಕಳನ್ನು ಹೆದರಿಸೋರಿದ್ದಾರೆ, ನನಗಂತೂ ಅದು ಸ್ವಲ್ಪವೂ ಹಿಡಿಸಲ್ಲ. ದೇವರು ಮುಟ್ಟಿದರೆ ಬೆಟ್ಟ ಹೊಗೆಯಾಡುತ್ತೆ ಅಂತ ಬೈಬಲಿನ 104ನೇ ಕೀರ್ತನೆಯಲ್ಲಿ ಇದೆ ನಿಜ, ಆದರೆ ಅದೇ ಕೀರ್ತನೆಯಲ್ಲಿ ದನಕ್ಕೆ ಹುಲ್ಲು, ಮನುಷ್ಯನಿಗೆ ರೊಟ್ಟಿ ಕೊಡೋ ದೇವರೂ ಇದ್ದಾರಲ್ವಾ. ಎರಡನ್ನೂ ಓದಿದೆವು.

ಗಲಿಲೇಯ ಸರೋವರದ ದಡದ ಕಫೆರ್ನೌಮಿನ ಮನೆಗಳನ್ನು ಕಟ್ಟಿದ್ದು ಕಪ್ಪು ಬಸಾಲ್ಟಲ್ಲೇ, ಬೀಸೋ ಕಲ್ಲೂ ಅದೇ. ಯೇಸುಸ್ವಾಮಿ ಓಡಾಡಿದ ಊರಿನ ಗೋಡೆ ಇದೇ ತರಹದ ಕಲ್ಲಿನದು ಅಂದಾಗ ನನ್ನ ಬಸಾಲ್ಟಿಗೆ ಕ್ಯೂ ನಿಂತುಬಿಟ್ಟಿತು. ಒಬ್ಬ ಕಣ್ಣಿಗೊತ್ತಿಕೊಂಡ.

ಆಗಲೇ ಒಬ್ಬಳು, "ಆರೇ ದಿನದಲ್ಲಿ ಎಲ್ಲ ಆಯ್ತು ಅಂದಿದ್ರಿ, ಈಗ ಕೋಟಿ ವರ್ಷ ಅಂತೀರಿ?" ಅಂದಳು. ಅಮ್ಮಂದಿರೆಲ್ಲ ಫಾದರ್ ಮುಖ ನೋಡಿದರು. ಮಾಡಿದ್ದು ಯಾರು ಅಂತ ಬೈಬಲಿನ ಆದಿಕಾಂಡ ಹೇಳುತ್ತೆ, ಎಷ್ಟು ಹೊತ್ತು ಹಿಡೀತು ಅಂತ ಕಲ್ಲು ಹೇಳುತ್ತೆ ಅಂದರು ಅವರು. ಕೆಳಗಿನ ಪದರ ಹಳೇದು, ಮೇಲಿನದು ಹೊಸದು ಅಂತ 1669ರಲ್ಲಿ ಬರೆದ ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೋ ಆಮೇಲೆ ಬಿಷಪ್ಪೇ ಆದರು ಅಂತಲೂ ಹೇಳಿದರು. ಒಬ್ಬರು ಅಮ್ಮ ಒಪ್ಪಲಿಲ್ಲ, ಚಿಕ್ಕವರಿಗೆ ಇದೆಲ್ಲ ಈಗಲೇ ಯಾಕೆ ಅಂದರು. ಕೇಳಿದ ಮಗುವಿಗೆ ಹೇಳಲೇಬೇಕು ಅನ್ನೋದು ನನ್ನ ವಾದ, ಊಟದವರೆಗೂ ಅದೇ ಮಾತು.

ಚಿತ್ರಾನ್ನ ಮುಗಿಸಿ ತೊಣ್ಣೂರು ಕೆರೆ. ನೀರು ತಿಳಿಯಾಗಿತ್ತು. ದಡದಲ್ಲಿ ಪ್ಯೂಮಿಸ್ ಬಿಟ್ಟೆ, ತೇಲಿತು. ಲಾವಾ ನೊರೆಯೆದ್ದು ಆರಿದ್ದರಿಂದ ಒಳಗೆಲ್ಲ ಗಾಳಿಯ ತೂತು, ಅದಕ್ಕೇ ಹಗುರ. (ಅಂಗಡಿಯಲ್ಲಿ ಸಿಗೋದೆಲ್ಲ ಅಸಲಿ ಅಲ್ಲ, ಮನೆಯಲ್ಲೇ ಬಕೆಟ್ಟಿಗೆ ಹಾಕಿ ನೋಡಿಕೊಂಡು ಹೊರಡಿ.) "ಕಲ್ಲೇ ತೇಲುತ್ತೆ, ಮತ್ತೆ ಯೇಸುಸ್ವಾಮಿ ಹತ್ರ ನೀರಿನ ಮೇಲೆ ನಡೆದು ಹೋದ ಸಂತ ಪೇತ್ರ ಯಾಕೆ ಮುಳುಗಿದ್ರು?" ಅಂತ ಬಂತು. ಫಾದರ್ ಹತ್ರ ಕಳಿಸಿದೆ.

ಮುಂದಿನ ಸಲ ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪ ಅಂತ ಟಿಟಿಯಲ್ಲೇ ತೀರ್ಮಾನವಾಯಿತು. ಲಾವಾ ಆರುತ್ತಾ ಕುಗ್ಗಿ, ಸೀಳಿ, ಕಂಬ ಕಂಬವಾಗಿ ನಿಂತಿರೋದು ಅಲ್ಲಿ ನೋಡೋಕೆ ಸಿಗುತ್ತೆ. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಹಾಗಾಗಿ ಡಿಸೆಂಬರ್ ರಜೆಯಲ್ಲಿ, ಕ್ರಿಸ್ಮಸ್ ಮುಗಿದ ಮೇಲೆ. ವಾದ ಮಾಡಿದ ಅಮ್ಮನೇ ಮೊದಲು ಹೆಸರು ಕೊಟ್ಟರು.