ಎಳ್ಳಮಾಸಿ ದಿನದ ವಾಕಿಂಗ್

ನಮ್ಮ ಕಲಬುರಗಿ ಕಡೆ ಹಬ್ಬದ ಸೀಜನ್ ಒಮ್ಮೆ ಶುರುವಾದರೆ ಮುಗಿಯುವ ಮಾತೇ ಇಲ್ಲ. ಗಣಪತಿ ಆಯಿತು ಅನ್ನುವಷ್ಟರಲ್ಲಿ ದಸರಾ, ಬನ್ನಿ ಬಂಗಾರ ಹಂಚಿ ಕೈ ತೊಳೆಯುವುದರೊಳಗೆ ದೀಪಾವಳಿ, ನಡುವೆ ಮದುವೆಗಳು, ಆಮೇಲೆ ಎಳ್ಳಮಾಸಿ, ಅಂದರೆ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳು ಅಮಾವಾಸ್ಯೆ, ಅದರ ಬೆನ್ನಿಗೇ ಸಂಕ್ರಾಂತಿ. ‘ಹಬ್ಬ ಮುಗೀಲಿ, ಆಮ್ಯಾಲ ಮಾಡಿದ್ರಾತು’ ಅಂತ ಕೂತರೆ ಶಿವರಾತ್ರಿಯೇ ಗತಿ.

ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ, 6.1 ಬಂದಾಗಿನಿಂದ ನಾನು ಬೆಳಿಗ್ಗೆ ಅಪ್ಪನ ಕೆರೆ ಸುತ್ತ ನಡೆಯುತ್ತೇನೆ. ಅದು 5.7ರಿಂದ 6.4ರೊಳಗಿದ್ದರೆ ಶುಗರ್‌ನ ಹೊಸ್ತಿಲಲ್ಲಿ ನಿಂತಂತೆ, ಇನ್ನೂ ಒಳಗೆ ಕಾಲಿಟ್ಟಿಲ್ಲ. ಹಬ್ಬದಲ್ಲಿ ನನ್ನ ವಾಕಿಂಗ್ ತಪ್ಪಿಸುವುದು ಹೋಳಿಗೆ ಅಂತ ಎಲ್ಲರೂ ತಿಳಿದಿದ್ದಾರೆ. ಹೋಳಿಗೆ ಪಾಪ, ಒಂದು ಸಾಕು ಅಂದರೆ ಸುಮ್ಮನಿರುತ್ತದೆ. ಸುಮ್ಮನಿರದವರು ಮನೆ ಮಂದಿ. ಹಬ್ಬದ ಮನೆಯಲ್ಲಿ ಹೆಂಗಸರ ಬೆಳಗಿನ ಹೊತ್ತು ಹೆಂಗಸರ ಕೈಯಲ್ಲಿರುವುದಿಲ್ಲ.

ಹೋದ ಎಳ್ಳಮಾಸಿಗೆ ಜೇವರ್ಗಿ ತಾಲೂಕಿನ ನಮ್ಮ ಊರಿಗೆ ಹೋಗಿದ್ದೆವು. ಹಿಂದಿನ ರಾತ್ರಿ ನಾನೂ ನನ್ನ ನೆಗೆಣ್ಣಿಯೂ ಒಲೆ ಮುಂದೆ ಕೂತವರು ಏಳಲೇ ಇಲ್ಲ. ಸಜ್ಜಿ ರೊಟ್ಟಿ ಬಡಿದವರಿಗೇ ಗೊತ್ತು ಅದರ ಕಾಟ. ಹಿಟ್ಟಿಗೆ ಜಿಗುಟಿಲ್ಲ, ಕುದಿವ ನೀರು ಹಾಕಿ ಬಿಸಿ ಇರುವಾಗಲೇ ಅಂಗೈಯಲ್ಲಿ ನಾದಿ ನಾದಿ ಹದಕ್ಕೆ ತರಬೇಕು. ಬಡಿದ ಮೇಲೆ ನೀರಿನ ಕೈಯಲ್ಲಿ ಸವರಿ, ಎಳ್ಳು ಉದುರಿಸಿ, ಬೆರಳ ತುದಿಯಿಂದ ಒತ್ತಬೇಕು. ಒತ್ತು ಕಡಿಮೆಯಾದರೆ ಎಳ್ಳೆಲ್ಲ ಹಂಚಿನ ಪಾಲು, ಹೆಚ್ಚಾದರೆ ಅಂಚು ಸೀಳುತ್ತದೆ. ಅತ್ತ ಭಜ್ಜಿಗೆ (ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ, ಕಾಳು-ಸೊಪ್ಪಿನ ಪಲ್ಯ) ಹಸಿ ಕಡಲೆ, ಹಸಿ ತೊಗರಿ, ಅವರೆ ಸುಲಿಯುವುದು, ಮೆಂತ್ಯ ಸೋಸುವುದು ನಡದೇ ಇತ್ತು.

ನಸುಕಿನಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗ ಅತ್ತಿ ನೋಡಿದರು.

“ಎಲ್ಲಿಗಿ ಹೊಂಟಿದಿವಾ?”

“ಹೊಲಕ್ಕ ನಡಕೋಂತ ಹೋಗ್ತೀನ್ರಿ ಅತ್ತಿ.”

“ರಾತ್ರಿಪೂರಾ ರೊಟ್ಟಿ ಬಡದೀದಿ, ಅದು ಸಾಲಲಿಲ್ಲೇನು? ಟ್ರ್ಯಾಕ್ಟರ್ ಹೊಂಟದ, ಸುಮ್ನ ಕುಂಡ್ರು.”

ಈ ಮಾತು ನಾನು ಕಲಬುರಗಿಯಲ್ಲೂ ಕೇಳುತ್ತೇನೆ. ‘ದಿನವೆಲ್ಲ ಮನೆಗೆಲಸ ಮಾಡ್ತೀರಿ, ನಿಮಗ್ಯಾತರ ವ್ಯಾಯಾಮ?’ ರೊಟ್ಟಿ ಬಡಿಯುವಾಗ ದುಡಿಯುವುದು ಮುಂಗೈ, ಭುಜ, ನಡ. ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಕುಂಡಿಯಲ್ಲಿ. ಅವು ಮಾತ್ರ ತಾಸುಗಟ್ಟಲೆ ಮಡಚಿಕೊಂಡು ಕೂತಿರುತ್ತವೆ. ದಣಿವಾಗುತ್ತದೆ, ಆದರೆ ದಮ್ಮು ಹತ್ತುವುದಿಲ್ಲ, ಎದೆಬಡಿತ ಏರುವುದಿಲ್ಲ. ದಣಿವೇ ವ್ಯಾಯಾಮವಾಗಿದ್ದರೆ ನಮ್ಮೂರ ಹೆಂಗಸರ ಮೊಣಕಾಲು, ನಡ ಇಷ್ಟು ಬೇಗ ಕೈ ಕೊಡುತ್ತಿರಲಿಲ್ಲ ಅಂತ ನನ್ನ ಖಾತ್ರಿ.

ಅತ್ತಿ ಮುಂದೆ ಇದೆಲ್ಲ ಹೇಳಲಿಲ್ಲ ಅನ್ನಿ. “ಕಾಲು ಹಿಡದಾವ್ರಿ, ಸಡಲ ಮಾಡ್ಕೋತೀನಿ” ಅಂದೆ. ಅದು ಅವರಿಗೆ ಪಟ್ಟನೆ ಹಿಡಿಸಿತು. ಅಗಸಿ ದಾಟುವಷ್ಟರಲ್ಲಿ ನೆಗೆಣ್ಣಿಯೂ ಚಪ್ಪಲಿ ಮೆಟ್ಟಿಕೊಂಡು ಬಂದಳು, ಅವಳ ಹಿಂದೆ ಹುಡುಗರು. ದಾರಿಯ ಎರಡೂ ಬದಿ ಜೋಳ, ತೊಗರಿ. ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಗುವಾಗ ಮೈದುನ ಹಾರ್ನ್ ಹೊಡೆದು ಹಲ್ಲು ಕಿರಿದ.

ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ, ಸುತ್ತ ಚರಗ ಚೆಲ್ಲುವುದು, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ ಎರಚುವುದು, ಆಮೇಲೆ ಊಟ. ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ನಾನು ಏನನ್ನೂ ಬಿಡಲಿಲ್ಲ. ಎಳ್ಳಮಾಸಿ ದಿನ ಭಜ್ಜಿ ಎರಡನೇ ಸಲ ಬೇಡ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಉಂಡವರೆಲ್ಲ ಬೇವಿನ ಗಿಡದ ಕೆಳಗೆ ಉರುಳಿದರು. ಊಟವಾದ ಒಂದು ತಾಸಿನ ಆಚೀಚೆ ರಕ್ತದಲ್ಲಿ ಸಕ್ಕರೆ ತುದಿ ಮುಟ್ಟುತ್ತದೆ. ಆ ಹೊತ್ತಿಗೆ ತೊಡೆ, ಮೀನಖಂಡ ದುಡಿಯುತ್ತಿದ್ದರೆ ಇನ್ಸುಲಿನ್ನಿನ ದಾರಿ ಹೆಚ್ಚು ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹತ್ತು-ಹದಿನೈದು ನಿಮಿಷದ ನಡಿಗೆಯೂ ಸಾಕು. ಎದ್ದು ವಡ್ಡಿನ ಮೇಲೆ ನಡೆಯತೊಡಗಿದೆ. ಎರೆಭೂಮಿ ಬಿರಿದಿತ್ತು, ಕಾಲು ನೋಡಿ ಇಡಬೇಕು.

“ನಮ್ಮ ಅತ್ತಿಗಿ ಹೊಲ ಅಳೀಲತ್ತಾಳ ನೋಡ್ರಿ, ಪಾಲು ಕೇಳ್ತಾಳೇನೋ” ಅಂತ ಮೈದುನ ಕೂಗಿದ. ಎಲ್ಲರೂ ನಕ್ಕರು. ಅತ್ತಿ ಮಲಗಿದಲ್ಲಿಂದಲೇ ಕೈ ಎತ್ತಿ, “ಹೆಂಗೂ ಹೊಂಟಿದಿ, ಆ ಕಡೀಗಿ ಹೋಗಿ ಒಂದ್ ಉಡಿ ಹಸಿ ಕಡ್ಲಿ ಕಿತ್ಗೊಂಡ್ ಬಾ” ಅಂದರು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ದಿನಕ್ಕಿಷ್ಟು ಅಂತಲ್ಲ. ಹಬ್ಬದ ತಿಂಗಳುಗಳಲ್ಲಿ ನಾನು ಹಿಡಿದಿರುವುದು ಈ ವಾರದ ಲೆಕ್ಕವನ್ನೇ. ಪೂಜೆಯ ದಿನ ಹೋದರೆ ಹೋಯಿತು, ಉಳಿದ ದಿನಗಳಲ್ಲಿ ತುಂಬಿಸುತ್ತೇನೆ. ಎರಡು-ಮೂರು ವಾರ ಪೂರಾ ಬಿಟ್ಟರೆ ಮಾತ್ರ ದಮ್ಮಿನ ತಾಕತ್ತು ಇಳಿಯುತ್ತದೆ, ಮತ್ತೆ ಕೆರೆ ಸುತ್ತುವಾಗ ಗೊತ್ತಾಗುತ್ತದೆ.

ಸಂಜೆ ಊರಿಗೆ ವಾಪಸ್ ಹೊರಟಾಗ ನಾನೇ ಎಲ್ಲರಿಗಿಂತ ಮೊದಲು ಟ್ರ್ಯಾಕ್ಟರ್ ಹತ್ತಿ ಕೂತೆ. “ಈಗ್ಯಾಕ ನಡೆಯಂಗಿಲ್ಲ?” ಅಂತ ಅತ್ತಿ ಕೇಳಿದರು. ಇವತ್ತಿನದು ಮುಗೀತ್ರಿ ಅಂದೆ. ಅವರು ಉಡಿಯ ಕಡ್ಲಿ ಸುಲಿಯುತ್ತ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.