ಕ್ರೌನ್ ಬದಲಿಸಿದ ಮೇಲೆ ಮೀಟರ್ ನೋಡಿ ಆವರೇಜ್ ಹೇಳಬೇಡಿ

ಪುಣೆ ಪಕ್ಕದ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಇಬ್ಬರು ಲಾರಿ ಮಾಲೀಕರು ಚಹಾಕ್ಕೆ ನಿಂತರೆ ಮಾತು ಆವರೇಜಿಗೆ, ಅಂದರೆ ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಅನ್ನುವುದಕ್ಕೆ, ಬಂದೇ ಬರುತ್ತದೆ. ನಿಮ್ಮದು ಎಷ್ಟು ಕೊಡ್ತದೆ, ನಮ್ಮದು ಇಷ್ಟೇ ನೋಡ್ರಿ. ಅಷ್ಟರಲ್ಲಿ ಮೂರನೆಯವರು ಬಂದು, ಆವರೇಜ್ ಹೆಚ್ಚಬೇಕಾದರೆ ಕ್ರೌನ್ (ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) ಬದಲಿಸಿ ಅನ್ನುತ್ತಾರೆ, ಇಲ್ಲವೇ ಟೈರ್ ಒಂದು ಸೈಜ್ ದೊಡ್ಡದು ಹಾಕಿ ಅನ್ನುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಎರಡೂ ಎಲ್ಲ ಗಾಡಿಗೂ ಅಲ್ಲ. ನಮ್ಮ ಸೋದರಮಾವನ ಗಾಡಿಗಳ ಡೀಸೆಲ್ ಲೆಕ್ಕ, ರಿಪೇರಿ ಎಲ್ಲ ನಾನೇ ನೋಡುವುದರಿಂದ ಈ ವಿಷಯ ನನಗೆ ದಿನದ ಮಾತು. ಪುಣೆಯಲ್ಲಿ ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯವರು ಈ ಧಂದೆಯಲ್ಲಿ ಬಹಳ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ರೇಶೋ ಅಂದರೆ ಏನು ಅಂತ ನೋಡೋಣ. ಹಿಂದಿನ ಹೌಸಿಂಗ್‌ನಲ್ಲಿ ಕ್ರೌನ್‌ಗೆ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್‌ಗೆ 6 ಹಲ್ಲು ಇದ್ದರೆ ರೇಶೋ 6.83. ಪಿನಿಯನ್‌ಗೆ 7 ಹಲ್ಲು ಇದ್ದರೆ 5.86. ಅಂದರೆ ಚಕ್ರ ಒಂದು ಸುತ್ತು ತಿರುಗಲು, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಟಾಪ್ ಗೇರ್ ಡೈರೆಕ್ಟ್ ಇದ್ದರೆ ಎಂಜಿನ್ನೂ ಅಷ್ಟೇ ಸುತ್ತು.

ಲೆಕ್ಕಕ್ಕೆ 60ರ ವೇಗ ಹಿಡಿದರೆ ಸುಲಭ, ಯಾಕೆಂದರೆ ಆಗ ಗಾಡಿ ನಿಮಿಷಕ್ಕೆ ಸರಿಯಾಗಿ ಒಂದು ಕಿಲೋಮೀಟರ್ ಹೋಗುತ್ತದೆ. 10.00-20 ಟೈರ್ ಒಂದು ಕಿಲೋಮೀಟರಿಗೆ ಸುಮಾರು 310 ಸುತ್ತು ತಿರುಗುತ್ತದೆ. 310 ಗುಣಿಸು 6.83, ಅಂದರೆ ಎಂಜಿನ್ 2100ರ ಮೇಲೆ ಓಡುತ್ತಿದೆ. 5.86 ಆದರೆ 1800ರ ಆಸುಪಾಸು. ಇನ್ನೂ ಕಡಿಮೆ ರೇಶೋ, 4.88 ಆದರೆ 1500. ಅದೇ ವೇಗ, ಅದೇ ಲೋಡ್, ಆದರೆ ಎಂಜಿನ್ ನಿಮಿಷಕ್ಕೆ 600 ಸುತ್ತು ಕಡಿಮೆ ತಿರುಗುತ್ತದೆ. ಪಿಸ್ಟನ್ ಉಜ್ಜಾಟ, ಆಯಿಲ್ ಪಂಪ್, ಫ್ಯಾನ್, ಕಂಪ್ರೆಸರ್ ಇವೆಲ್ಲ ತಿನ್ನುವ ಡೀಸೆಲ್ ಸುತ್ತು ಹೆಚ್ಚಿದಷ್ಟೂ ಹೆಚ್ಚುತ್ತದೆ. ಉಳಿತಾಯ ಬರುವುದು ಅಲ್ಲಿಂದ. ಎಂಜಿನ್ನಿನ ನಿಮಿಷದ ಸುತ್ತು ತೋರಿಸುವ ಆರ್‌ಪಿಎಂ ಮೀಟರಿನ ಹಸಿರು ಪಟ್ಟಿ ಇರುವುದೂ ಅದಕ್ಕೇ. ಆದರೆ ಆ ಪಟ್ಟಿಯಿಂದ ಕೆಳಗೆ ಇಳಿಸಿ ಟಾಪ್ ಗೇರಲ್ಲೇ ಎಳೆಯುತ್ತಾ ಹೋದರೆ ಟರ್ಬೋ ಗಾಳಿ ಕೊಡುವುದಿಲ್ಲ, ಗಾಡಿ ನಡುಗುತ್ತದೆ, ಡೀಸೆಲ್ಲೂ ಉಳಿಯುವುದಿಲ್ಲ. ಓವರ್‌ಡ್ರೈವ್ (ಟಾಪ್ ಗೇರಲ್ಲಿ ಎಂಜಿನ್ನಿಗಿಂತ ಶಾಫ್ಟೇ ಹೆಚ್ಚು ಸುತ್ತು ತಿರುಗುವುದು) ಇರುವ ಗೇರ್‌ಬಾಕ್ಸ್ ಆದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಟಾಪ್ 0.8 ಇದ್ದರೆ 6.83ರ ಗಾಡಿಯೂ ಟಾಪ್‌ನಲ್ಲಿ 5.46ರ ಹಾಗೆ ಓಡುತ್ತದೆ, ಆಗ ಕ್ರೌನಿಗೆ ದುಡ್ಡು ಹಾಕುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಹಳೆ ಗಾಡಿ ತಗೊಂಡವರಿಗೆ ಒಳಗೆ ಯಾವ ಕ್ರೌನ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಹೌಸಿಂಗ್ ಬಿಚ್ಚಬೇಕಾಗಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಟ್ಟಿಗೆ ಕೊಟ್ಟು, ಹಿಂದಿನ ಒಂದು ಬದಿ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಗಾಡಿ ನ್ಯೂಟ್ರಲ್. ಟೈರ್ ಮೇಲೆ ಒಂದು ಸೀಮೆಸುಣ್ಣದ ಗೆರೆ, ಶಾಫ್ಟ್ ಮೇಲೆ ಒಂದು ಗೆರೆ. ಒಬ್ಬರು ಚಕ್ರವನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಎಣಿಸಬೇಕು. ಎರಡು ಸುತ್ತು ಯಾಕೆಂದರೆ ಒಂದು ಬದಿ ನೆಲದ ಮೇಲೆ ನಿಂತಿರುವಾಗ, ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಡಿಫ್ರೆನ್ಷಿಯಲ್ ಅರ್ಧವನ್ನಷ್ಟೇ ಶಾಫ್ಟಿಗೆ ದಾಟಿಸುತ್ತದೆ. ಶಾಫ್ಟ್ ಗೆರೆ ಆರನೇ ಸುತ್ತು ಮುಗಿಸಲು ಒಂದು ಏಳನೇ ಭಾಗದಷ್ಟು ಬಾಕಿ ನಿಂತರೆ ಅದು 5.86. ಆರು ದಾಟಿ ಏಳರ ಹತ್ತಿರ ಹೋದರೆ 6.83.

ಟೈರ್ ಸುತ್ತಳತೆಯನ್ನೂ ಹೀಗೇ ಅಳೆಯಬಹುದು, ಅದನ್ನು ಮಾತ್ರ ಲೋಡ್ ಇರುವಾಗಲೇ ಅಳೆಯಿರಿ. ಟೈರಿಗೂ ನೆಲಕ್ಕೂ ಗೆರೆ ಹಾಕಿ, ಹತ್ತು ಸುತ್ತು ಉರುಳಿಸಿ, ಟೇಪ್ ಹಿಡಿಯಿರಿ. 32 ಮೀಟರ್ ಚಿಲ್ಲರೆ ಬರುತ್ತದೆ.

ಈಗ ನಾನು ಹೇಳಲೇಬೇಕಾದ ಮಾತು. ತುಂಬಾ ಗಾಡಿಗಳಲ್ಲಿ ಕಿಲೋಮೀಟರ್ ಎಣಿಸುವ ಸೆನ್ಸರ್ ಗೇರ್‌ಬಾಕ್ಸಿನ ಹಿಂಭಾಗದಲ್ಲಿರುತ್ತದೆ. ಅದು ಎಣಿಸುವುದು ಶಾಫ್ಟಿನ ಸುತ್ತನ್ನು, ರಸ್ತೆಯನ್ನಲ್ಲ. ಕಂಪನಿಯವರು 6.83 ಇದೆ ಅಂತ ಹೊಂದಿಸಿಟ್ಟಿದ್ದಾರೆ. ನೀವು 5.86 ಹಾಕಿದ ದಿನದಿಂದ ಅದೇ ರಸ್ತೆಗೆ ಶಾಫ್ಟ್ ಕಡಿಮೆ ತಿರುಗುತ್ತದೆ, ಆದ್ದರಿಂದ ಗಾಡಿ 1000 ಕಿಲೋಮೀಟರ್ ಓಡಿದರೆ ಮೀಟರಿನಲ್ಲಿ ಬರುವುದು ಸುಮಾರು 857. ಮೊದಲು 1000 ಕಿಲೋಮೀಟರಿಗೆ 220 ಲೀಟರ್ ಬೇಕಾಗುತ್ತಿತ್ತು ಅಂದುಕೊಳ್ಳಿ, ಆವರೇಜ್ 4.55. ಈಗ 205 ಲೀಟರ್ ಸಾಕಾಗುತ್ತಿದೆ, ನಿಜವಾದ ಆವರೇಜ್ 4.88. ಆದರೆ ಮೀಟರ್ ನೋಡಿ ಭಾಗಿಸಿದರೆ 4.18! ದುಡ್ಡು ಉಳಿಯುತ್ತಿದೆ, ಪುಸ್ತಕದಲ್ಲಿ ಮಾತ್ರ ನಷ್ಟ. ಇದನ್ನು ನೋಡಿ ಮಾಲೀಕ ಡ್ರೈವರ್ ಮೇಲೆ ಡೀಸೆಲ್ ಕಳ್ಳತನದ ಅನುಮಾನ ಪಡುವುದು, ಡ್ರೈವರ್ ಬೇಸರ ಮಾಡಿಕೊಂಡು ಗಾಡಿ ಬಿಟ್ಟು ಊರಿಗೆ ಹೋಗುವುದು, ಇಂಥದ್ದು ನಿಜಕ್ಕೂ ಆಗುತ್ತದೆ, ಅದು ನನಗೆ ತುಂಬಾ ನೋವಿನ ವಿಷಯ. ಜಿಪಿಎಸ್ ತೋರಿಸುವ ದೂರ ಹಿಡಿಯಿರಿ, ಇಲ್ಲಾ ಹೈವೇ ಕಿಲೋಮೀಟರ್ ಕಲ್ಲು ನೋಡಿ ಮೀಟರಿನ ತಪ್ಪು ಎಷ್ಟಿದೆ ಅಂತ ಒಮ್ಮೆ ತಾಳೆ ಹಾಕಿ, ಆಮೇಲೆ ಮಾತಾಡಿ.

ಟೈರಿನದೂ ಇದೇ ಕಥೆ, ಅಳತೆ ಮಾತ್ರ ಸಣ್ಣದು. ಏನೂ ಬದಲಿಸದೆಯೂ ಆಗುತ್ತದೆ. ಹೊಸ ಟೈರಿನ ಮೇಲಿನ ಗೀರುಗಳ ಆಳ 15 ಮಿಲಿಮೀಟರ್ ಇದ್ದದ್ದು ಸವೆದು 3ಕ್ಕೆ ಬಂದರೆ ವ್ಯಾಸ 24 ಮಿಲಿಮೀಟರ್ ಕಡಿಮೆಯಾಯಿತು, ಅಂದರೆ ಎರಡು ಪರ್ಸೆಂಟಿಗಿಂತ ಜಾಸ್ತಿ. ಸವೆದ ಟೈರಲ್ಲಿ ಮೀಟರ್ ಹೆಚ್ಚು ಕಿಲೋಮೀಟರ್ ತೋರಿಸುತ್ತದೆ. ಅದರ ಜೊತೆಗೆ ಸವೆದ ಟೈರು ಹಗುರವಾಗಿ ಉರುಳುತ್ತದೆ ಕೂಡ. ಹೊಸ ಟೈರ್ ಹಾಕಿದ ವಾರವೇ ಆವರೇಜ್ ಬಿತ್ತು ಅನ್ನುವವರ ಗಾಡಿಗೆ ಸುಮ್ನೆ ನಾಝಲ್, ಪಂಪ್ ಬಿಚ್ಚಿಸಬೇಡಿ.

ಒಂದು ಸೈಜ್ ದೊಡ್ಡ ಟೈರ್ ಹಾಕಿದರೂ ರೇಶೋ ಬದಲಿಸಿದ ಹಾಗೇ ಆಗುತ್ತದೆ. 9.00-20ರಿಂದ 10.00-20ಗೆ ಹೋದರೆ ವ್ಯಾಸ ಸುಮಾರು 3 ಪರ್ಸೆಂಟ್ ಹೆಚ್ಚುತ್ತದೆ, 5.86 ಇದ್ದದ್ದು 5.7ರ ಹತ್ತಿರಕ್ಕೆ ಬಂದ ಹಾಗೆ. ಅಷ್ಟಕ್ಕೆ ಏನೇನು ಕೊಡಬೇಕು ನೋಡಿ. ಟೈರ್ ತೂಕ ಹೆಚ್ಚು, ಸಿಗ್ನಲ್ ಸಿಗ್ನಲಿಗೂ ನಿಂತು ಹೊರಡುವ ಚಾಕಣ್ ಕಡೆಯ ಕೆಲಸದಲ್ಲಿ ಅದನ್ನು ಪ್ರತಿ ಸಲ ತಿರುಗಿಸಿಯೇ ಹೊರಡಬೇಕು. ಗಾಡಿ ಸ್ವಲ್ಪ ಎತ್ತರವಾಗುತ್ತದೆ. ಬ್ರೇಕ್ ಡ್ರಮ್ ಅದೇ, ಚಕ್ರ ದೊಡ್ಡದು, ಆದ್ದರಿಂದ ಅಷ್ಟೇ ಬ್ರೇಕ್ ಒತ್ತಿದರೆ ಗಾಡಿಯನ್ನು ತಡೆಯುವ ಬಲ ಕಡಿಮೆ. 9.00-20ಕ್ಕೆ 7 ಇಂಚಿನ ರಿಮ್, 10.00-20ಕ್ಕೆ 7.5 ಬೇಕು, ಹಳೆ ರಿಮ್ಮಿಗೇ ತುರುಕುವವರಿದ್ದಾರೆ. ಹಿಂದಿನ ಜೋಡಿ ಟೈರುಗಳ ನಡುವೆ ಸಂದು ಕಡಿಮೆಯಾದರೆ ಲೋಡ್ ಬಿದ್ದಾಗ ಪಕ್ಕೆಗಳು ಒಂದಕ್ಕೊಂದು ತಾಗಿ ಬಿಸಿಯಾಗಿ ಸಿಡಿಯುತ್ತವೆ. ನನ್ನ ಮಟ್ಟಿಗೆ ಡೀಸೆಲ್ ಉಳಿಸಲು ಟೈರ್ ಸೈಜ್ ಹೆಚ್ಚಿಸುವುದು ಬೇಡವೇ ಬೇಡ. ಅದೇ ದುಡ್ಡಿಗೆ ಹಳೆ ಮಾದರಿಯ ನೈಲಾನ್ ಟೈರ್ ತೆಗೆದು ಅದೇ ಸೈಜಿನ ರೇಡಿಯಲ್ ಹಾಕಿ, ಗಾಳಿ ಸರಿಯಾಗಿ ಇಡಿ. ಉರುಳುವಾಗ ಟೈರ್ ಒಳಗೆ ಬಿಸಿಯಾಗಿ ಕಳೆದುಹೋಗುವ ಶಕ್ತಿ ರೇಡಿಯಲ್‌ನಲ್ಲಿ ಕಡಿಮೆ.

ಕ್ರೌನ್ ಬದಲಿಸುವ ಮಾತಿಗೆ ದಾರಿಯೇ ಉತ್ತರ ಹೇಳಬೇಕು. ಘಾಟ್ ಏರುವ ಕೆಲಸ ತೂಕ ಮತ್ತು ಎತ್ತರದ್ದು, ಯಾವ ಕ್ರೌನ್ ಹಾಕಿದರೂ ಅದು ಕಡಿಮೆಯಾಗುವುದಿಲ್ಲ. ಪುಣೆಯಿಂದ ಸಾತಾರಾ ಕಡೆ ಹೋಗುವ ಹಳೆ ದಾರಿಯಲ್ಲಿ ಖಂಬಾಟ್ಕಿ ಘಾಟ್ ಏರಬೇಕು. ಖೋಪೋಲಿಯಿಂದ ಮೇಲೆ ಬರುವವರಿಗೆ ಬೋರ್ ಘಾಟ್. 2018ರಲ್ಲಿ ಆಕ್ಸಲ್ ಲೋಡ್ ಹೆಚ್ಚಿಸಿದ ಮೇಲೆ ಎರಡು ಆಕ್ಸಲ್ ಗಾಡಿಯ ಒಟ್ಟು ತೂಕದ ಮಿತಿ 16.2 ಟನ್ನಿಂದ 18.5ಕ್ಕೆ ಹೋಯಿತು. ಅಷ್ಟು ತುಂಬಿಕೊಂಡು, ಸಣ್ಣ ಎಂಜಿನ್ನಿಗೆ 5.86 ಹಾಕಿಸಿದ ಗಾಡಿಯ ಡ್ರೈವರ್ ಒಬ್ಬರು, ಇಂಡಿ ಕಡೆಯವರು, ಘಾಟಿನ ಮಧ್ಯದಿಂದಲೇ ಫೋನ್ ಮಾಡಿದ್ದರು: “ಅಣ್ಣಾ, ಗಾಡಿ ಏರವಲ್ದು, ಕ್ಲಚ್ ನಾತ ಬರಾಕತ್ತೇತಿ.” ಏರಿನಲ್ಲಿ ನಿಂತ ಲೋಡ್ ಗಾಡಿಯನ್ನು ಫಸ್ಟ್ ಗೇರಲ್ಲಿ ಹೊರಡಿಸಲು ಬೇಕಾದ ಎಳೆತ ಕ್ರೌನಿನಿಂದಲೂ ಬರುತ್ತದೆ. ಅದರಲ್ಲಿ ಏಳನೇ ಒಂದು ಭಾಗ ನೀವು ಕೊಟ್ಟುಬಿಟ್ಟಿದ್ದೀರಿ, ಅದನ್ನು ಕ್ಲಚ್ ಪ್ಲೇಟ್ ಉಜ್ಜಿ ತುಂಬಿಕೊಡಬೇಕು. ಕ್ಲಚ್ ಪ್ಲೇಟ್ ಖರ್ಚಿನ ಮುಂದೆ ಡೀಸೆಲ್ ಉಳಿತಾಯ ಎಲ್ಲಿ ನಿಲ್ಲುತ್ತದೆ ಹೇಳಿ?

ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಅಂತ ಉದ್ದಕ್ಕೂ ಓಡುವ, ಕೆಳಗಿನ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯುವ ಎಂಜಿನ್ ಇರುವ, ಹತ್ತಿ ಅಥವಾ ಪ್ಯಾಕಿಂಗ್ ಡಬ್ಬದಂಥ ಹಗುರ ಮಾಲು ಸಾಗಿಸುವ ಗಾಡಿಗೆ ಖಂಡಿತ ಬದಲಿಸಿ. ಕಳಂಬೋಲಿಯಿಂದ ಸ್ಟೀಲ್ ತುಂಬಿ ಘಾಟ್ ಏರುವ ಗಾಡಿಗೆ ಕೈ ಹಚ್ಚಬೇಡಿ. ಬದಲಿಸಿದ ಮೇಲೆ ಡ್ರೈವರ್ ಜೊತೆ ಕೂತು ಮಾತಾಡುವುದೂ ಮುಖ್ಯ. ಅನುಭವಿ ಡ್ರೈವರ್ ಮೀಟರಿಗಿಂತ ಎಂಜಿನ್ ಸದ್ದು ಕೇಳಿ ಓಡಿಸುತ್ತಾರೆ. ಹಳೆಯ ಸದ್ದಿಗೆ ಈಗ ಗಾಡಿ 60ರ ಬದಲು 70ರಲ್ಲಿ ಹೋಗುತ್ತಿರುತ್ತದೆ. 60ರಿಂದ 70ಕ್ಕೆ ಹೋದರೆ ಗಾಳಿಯ ಎದುರೊತ್ತು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತದೆ, ಕ್ರೌನ್ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಕೊನೆಗೆ ಗವರ್ನರ್, ಅಂದರೆ ಗಾಡಿಯ ವೇಗಕ್ಕೆ ಮಿತಿ ಕಟ್ಟುವ ಸಾಧನ. ಸೆನ್ಸರ್ ಶಾಫ್ಟಿನದ್ದೇ ಆಗಿದ್ದರೆ ಸ್ಪೀಡ್ ಗವರ್ನರ್ ಕೂಡ ಅದೇ ತಪ್ಪು ಲೆಕ್ಕ ನಂಬುತ್ತದೆ. 80ಕ್ಕೆ ಕಟ್ಟಿಟ್ಟ ಗಾಡಿ, ಓವರ್‌ಡ್ರೈವ್ ಇದ್ದರೆ, ನಿಜವಾಗಿ 93ರವರೆಗೂ ಹೋಗಬಹುದು, ಮೀಟರ್ ಆಗಲೂ 80 ಅಂತಲೇ ತೋರಿಸುತ್ತಿರುತ್ತದೆ. ಕ್ರೌನ್ ಕೂರಿಸುವ ಮೆಕ್ಯಾನಿಕ್ ಇದನ್ನು ಹೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಹೊಸ ಗಾಡಿಗಳಲ್ಲಿ ರೇಶೋ ಮತ್ತು ಟೈರ್ ಅಳತೆಯನ್ನು ಲ್ಯಾಪ್‌ಟಾಪ್ ಹಚ್ಚಿ ಗಾಡಿಯ ಕಂಪ್ಯೂಟರ್ ಆದ ಇಸಿಯುನಲ್ಲಿ ತಿದ್ದಬೇಕಾಗುತ್ತದೆ. ಹೌಸಿಂಗ್‌ನ ಬೋಲ್ಟ್ ಬಿಗಿಯಾದ ದಿನವೇ, ಮೊದಲ ಲೋಡ್ ತುಂಬುವ ಮುಂಚೆ, ಅದನ್ನು ಮಾಡಿಸಿ.